ಗಾಡಿ ವಚನಾ

ಕುಂಕಳ್ಳಿಯ ತಿರುವಿನಲ್ಲಿ ನನ್ನ ಗ್ಯಾರೇಜು.
ಎರ್ಮೆಲಿಂಡಾ ಪಿಕಪ್ ತಂದು ನಿಲ್ಲಿಸಿ
ಒಂದೇ ಮಾತು ಹೇಳಿದಳು: ‘ಗಾಡಿ ವಚನಾ.’
ಗೋವೆಗೆ ಬಂದು ಹನ್ನೆರಡು ವರ್ಷ.
ಈಗಲೂ ಆ ಮಾತು ಕಿವಿಗೆ ಬಿದ್ದರೆ
ಗಾಡಿ ಯಾರಿಗೋ ಮಾತು ಕೊಟ್ಟಂತೆ ಕೇಳಿಸುತ್ತದೆ.
ಅವಳ ಭಾಷೆಯಲ್ಲಿ ಅದರರ್ಥ: ಹೋಗುವುದಿಲ್ಲ.

ಕುವೈತಿನಿಂದ ಅವಳಣ್ಣ ಹಡಗೇರಿಸಿ ಕಳಿಸಿದ ಮುದಿ ಬಂಡಿ,
ಕ್ಲಚ್ಚಿಲ್ಲದ್ದು.
ಬೆಳಗಿನ ನಾಲ್ಕಕ್ಕೆ ಕುಟ್ಬಣ ಜೆಟ್ಟಿಗೆ ಐಸು ಹೊರುತ್ತದೆ.
ಬಯಲಲ್ಲಿ ಹೇಳಿದ ಹಾಗೆ ಕೇಳುತ್ತದಂತೆ;
ಬೇತುಲ್ ಏರು ಹಿಡಿಯಿತೋ,
ಎಂಜಿನ್ ಒಂದೇ ಸಮ ಅರಚುತ್ತದೆ,
ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ.
ಮಡಗಾವಿನವರು ಒಂದು ಸುತ್ತು ಓಡಿಸಿ
‘ಗೇರ್‌ಬಾಕ್ಸ್ ಇಳಿಸಬೇಕು, ತೊಂಬತ್ತು ಸಾವಿರ’ ಅಂದರಂತೆ.

ನಾನು ಲಾರಿಯವನು.
ಗದಗಿನಾಚೆ ಹುಲಕೋಟಿ ರಸ್ತೆಯಲ್ಲಿ
ಹಲ್ಲು ಮುರಿದ ಗೇರುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳೆದವನು.
ಅಲ್ಲಿ ಕೆಟ್ಟದ್ದು ಕಿರ್ರೆನ್ನುತ್ತದೆ, ಕೈಗೆ ಸಿಗುತ್ತದೆ.
ಇದು ಎಣ್ಣೆಯ ಒತ್ತಡ ನೋಡಿಕೊಂಡು
ತನ್ನೊಳಗೇ ತೀರ್ಮಾನ ಮಾಡುವ ಪೆಟ್ಟಿಗೆ.
ಸೀಟಿನಲ್ಲಿ ಕೂತರೆ ನನ್ನ ಎಡಗಾಲು
ಇಲ್ಲದ ಕ್ಲಚ್ಚು ಹುಡುಕಿ ಬರಿ ತಗಡು ತುಳಿಯುತ್ತದೆ.

ಎಂಜಿನ್ ಬಿಸಿಯಾಗುವ ತನಕ ಒಂದು ಚಹಾ.
ಆಮೇಲೆ ಬ್ರೇಕ್ ಒತ್ತಿ ಹಿಡಿದು
ಪಾರ್ಕು, ರಿವರ್ಸು, ನ್ಯೂಟ್ರಲ್ಲು, ಡ್ರೈವು,
ಒಂದೊಂದರಲ್ಲೂ ಮೂರೆಣಿಸಿ ಮತ್ತೆ ಪಾರ್ಕಿಗೆ.
ಎಂಜಿನ್ ಆರಿಸದೆಯೇ ಕಡ್ಡಿ ಎಳೆದು ಮೂಗಿಗೆ ಹಿಡಿದೆ.
ಸೀದ ವಾಸನೆ ಇಲ್ಲ.
ಬಟ್ಟೆಗೆ ಒರೆಸಿದರೆ ಮುರುಗಲ ಪಾನಕದ ಕೆಂಪು.
ಆದರೆ ಕೆಳಗಿನ ಗೀಟನ್ನೂ ಮುಟ್ಟಿಲ್ಲ.

ಅಂದರೆ ರೋಗ ಹಲ್ಲಿಗಲ್ಲ, ಹೊಟ್ಟೆಗೆ.
ಏರಿನಲ್ಲಿ ಇದ್ದಷ್ಟು ಎಣ್ಣೆ ಹಿಂದಕ್ಕೆ ಸರಿದು
ಪಂಪು ಗಾಳಿ ಕುಡಿಯುತ್ತಿದೆ.
ಬರಿ ಗಾಳಿ ಕುಡಿದು ಯಾರು ಭಾರ ಎಳೆದಾರು?

‘ಎಲ್ಲಾದರೂ ಸೋರ್ತದೇನು?’
ನಕ್ಕಳು. ‘ಐಸಿನ ಗಾಡಿ. ಸೋರದ ದಿನ ಯಾವುದು?’

ಹುಡುಗ ಮೌನೇಶ ಕೆಳಗೆ ತೂರಿದ.
‘ಬರೇ ನೀರು, ಕಾಕಾ.’
ನಾನೂ ತೂರಿದೆ. ನೀರೇ.
ಉಪ್ಪುಪ್ಪು, ಭತ್ತದ ಹೊಟ್ಟು ಬೆರೆತದ್ದು, ಮೀನಿನ ವಾಸನೆಯದ್ದು.
ಸುಮ್ಮನೆ ಎಣ್ಣೆ ತುಂಬಿ ಕಳಿಸಬಹುದಿತ್ತು,
ದುಡ್ಡೂ ಕೇಳಬಹುದಿತ್ತು.
ಊಟಕ್ಕೆ ಕೂತಾಗ ತುತ್ತು ಅರ್ಧಕ್ಕೆ ನಿಂತಿತು:
ಸೋರುವ ಗಾಡಿಯಲ್ಲಿ ಸೋರಿಕೆ ಹೇಗೆ ಕಂಡೀತು?

ಒಂದು ರಾತ್ರಿ ಐಸಿಲ್ಲದೆ ಬಿಡು ಅಂದೆ.
ಒಂದು ದಿನದ ಬಾಡಿಗೆ ಯಾರು ಕೊಡುತ್ತಾರೆ ಅಂದಳು,
ಬೀಗದ ಕೈ ಮೇಜಿನ ಮೇಲೆ ಎಸೆದು ಬಸ್ಸಿಗೆ ಹೋದಳು.
ಹಳೇ ಫ್ರಿಜ್ಜಿನ ರಟ್ಟು ಬಿಚ್ಚಿ ಕೆಳಗೆ ಹಾಸಿದೆವು.

ಬೆಳಿಗ್ಗೆ,
ಉದ್ದ ಶಾಫ್ಟು ಪೆಟ್ಟಿಗೆಯೊಳಗೆ ಹೊಗುವ ಜಾಗದ ಸರೀ ಕೆಳಗೆ
ಕೆಂಪು ಚುಕ್ಕೆ, ಅದರ ಮೇಲೇ ಇನ್ನೊಂದು,
ಎರಡೂ ಸೇರಿ ಐದು ರೂಪಾಯಿ ನಾಣ್ಯದಷ್ಟು.
ಮೇಲೆ, ಟ್ರಾಲಿಯ ಮೂಲೆಯಲ್ಲಿ ಐಸು ನೀರಿಳಿಯುವ ತೂತು.
ಎಷ್ಟು ತಿಂಗಳಿಂದಲೋ ಆ ಉಪ್ಪು ನೀರು
ಸೀಲಿನ ಅಂಚು ತಿಂದಿದೆ, ಗುರುತನ್ನೂ ತೊಳೆದಿದೆ.
ತಿಂದದ್ದೂ ಅದೇ, ಬಾಯಿ ಒರೆಸಿದ್ದೂ ಅದೇ.

ಸೀಲು ಮುನ್ನೂರ ನಲವತ್ತು, ಎಣ್ಣೆ ಬೇರೆ.
ತೂತಿಗೊಂದು ರಬ್ಬರ್ ನಳಿಗೆ ಸಿಕ್ಕಿಸಿ
ನೀರನ್ನು ಪಕ್ಕದ ಚರಂಡಿಗೆ ತಿರುಗಿಸಿದ್ದಕ್ಕೆ ದುಡ್ಡಿಲ್ಲ.

ಮರುದಿನ ಕತ್ತಲಲ್ಲೇ ಪೂರಾ ಐಸು ಹೇರಿಸಿದಳು.
ನಾನು ಓಡಿಸಿದೆ, ಅವಳು ಪಕ್ಕಕ್ಕೆ.
ಏರು ಹಿಡಿಯಿತು, ಹತ್ತಿತು.
ಎರಡರಿಂದ ಮೂರಕ್ಕೆ ಬೀಳುವಾಗ ಇನ್ನೂ ಸಣ್ಣದೊಂದು ಬಿಕ್ಕು;
ಅದು ಸೀಲಿನದಲ್ಲ, ವಯಸ್ಸಿನದು, ಉಳಿಯುತ್ತದೆ ಅಂದೆ.
ಅವಳಿಗೆಲ್ಲಿ ಕೇಳಿಸಬೇಕು,
ತೊಂಬತ್ತು ಸಾವಿರದವರ ಮನೆತನ ಎತ್ತಾಡುತ್ತಿದ್ದಳು.
ತುದಿಯಲ್ಲಿ ಸಾಳ ನದಿ, ಬೋಟುಗಳ ದೀಪ.
‘ವೆತಾ,’ ಅಂದಳು ಕೊನೆಗೆ, ನನಗಲ್ಲ, ಗಾಡಿಗೆ.

ಇಳಿಜಾರು ಶುರುವಾಯಿತು.
ನನ್ನ ಎಡಗಾಲು ಮತ್ತೆ ತಗಡು ತುಳಿಯಿತು.