ತಟಸ್ಥ

ದಸ್ತಗೀರ್ ಸಾಬರು ತಮ್ಮದೇ ಚಿಮಟ ತಂದಿದ್ದರು,
ಒಂಟಿ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯನ್ನೂ.
ನಮ್ಮ ಲೇಸರಿನ ಕನ್ನಡಿಯ ಕಾಲಲ್ಲಿ
ಎಳ್ಳಿನಷ್ಟು ತಿರುಪೊಂದು ತೇದುಹೋಗಿತ್ತು.
ಜರ್ಮನಿಗೆ ಬರೆದರೆ ಮೂರು ತಿಂಗಳು.
ಕಟ್ಟಿನಕೆರೆ ಮಾರ್ಕೆಟ್ಟಿನಿಂದ ಸಾಲಗಾಮೆ ರಸ್ತೆಗೆ
ಆಟೋದಲ್ಲಿ ಹದಿನೈದು ನಿಮಿಷ.

ಕೂತರು. ಉಸಿರು ಹಿಡಿದರು.
ಸತ್ತ ಎಚ್ಎಂಟಿಯೊಂದರ ಹೊಟ್ಟೆಯಿಂದ ಕಿತ್ತ ತಿರುಪನ್ನು
ಉಜ್ಜಿ, ಅಳೆದು, ಮತ್ತೆ ಉಜ್ಜಿ, ಕೂರಿಸಿದರು.
ಆಮೇಲೆ ಬಗ್ಗಿ ನೋಡಿ,
"ಈ ಗಾಜಿನ ಡಬ್ಬೀಲಿ ಏನೂ ಇಲ್ವಲ್ಲ ಮೇಡಂ?"

ಏನೂ ಇಲ್ಲದಂತೆ ಮಾಡಲಿಕ್ಕೇ ಎಂಟು ತಿಂಗಳು ಹಿಡಿಯಿತು, ಅಂದೆ.
ಗಾಳಿ ಹೀರಿ, ಬೇಯಿಸಿ, ಮತ್ತೆ ಹೀರಿ,
ಆ ಬರಿದಿನೊಳಗೆ ರುಬಿಡಿಯಮ್ಮಿನ ಒಂದಿಷ್ಟು ಆವಿ.
ಆರು ದಿಕ್ಕಿನಿಂದ ಬೆಳಕು;
ಪರಮಾಣು ಯಾವ ಕಡೆ ಓಡಿದರೂ ಎದುರಿಗೊಂದು ಕೈ.
ಓಡಿ ಓಡಿ ಸೋತು, ತಣ್ಣಗಾಗಿ, ನಿಲ್ಲುತ್ತದೆ.
"ಬೆಳಕಿಂದ ತಣ್ಣಗಾ?"
ಹೂಂ. ಹಿಡಿಯಲಿಕ್ಕೂ ಬೆಳಕಿನದೇ ಚಿಮಟ.

ಚಿಮಟ ಅಂದದ್ದೇ ಅವರ ಕೈ ಜೇಬಿಗೆ ಹೋಯಿತು,
ಇದೆಯೆಂದು ಮುಟ್ಟಿ ನೋಡಿಕೊಂಡಿತು.

ತೆರೆಯ ಮೇಲೆ ಚುಕ್ಕಿಗಳು ಬಂದವು.
ಹತ್ತು ಸಾಲು, ಸಾಲಿಗೆ ಹತ್ತು ಗುಳಿ, ಅರ್ಧಕ್ಕರ್ಧ ಖಾಲಿ,
ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜಿನ ಕಿಟಕಿಗಳ ಹಾಗೆ.
ಒಂದೇ ಗುಳಿಗೆ ಇಬ್ಬರು ಬಿದ್ದರೆ ಇಬ್ಬರೂ ಹೊರಗೆ.
ಇನ್ನೊಂದು ಚಿಮಟ ಸರಿದು ಬಂದು
ಅಂಚಿನವರನ್ನೆತ್ತಿ ನಡುವಿನ ಖಾಲಿಗೆ ಕೂರಿಸಿತು.
ಸಾಬರು ತಲೆಯಾಡಿಸಿದರು,
ಕಸುಬು ಬಲ್ಲವರು ಇನ್ನೊಬ್ಬರ ಕಸುಬಿಗೆ ಆಡಿಸುವಷ್ಟು.

ಇದೇ ರುಬಿಡಿಯಂ, ಅಂದೆ, ಮೇಲೆ ಕೆಲವು ಉಪಗ್ರಹಗಳಲ್ಲಿ
ಗಡಿಯಾರವಾಗಿ ಕೂತಿದೆ.
ಇದೇ ರಸ್ತೆಯಲ್ಲಿ ಆಕಾಶಕ್ಕೆ ಮುಖ ಮಾಡಿದ
ದೊಡ್ಡ ಬಿಳಿ ತಟ್ಟೆಗಳಿಲ್ಲವೇ—
"ಹಂಗಾದ್ರೆ ಇದು ನಮ್ ಕಸುಬೇ," ಅಂದರು.
"ಇವಕ್ಕೆ ಏನಂತಾರೆ?"

ತಟಸ್ಥ ಪರಮಾಣು ಎನ್ನಹೊರಟ ನಾಲಿಗೆ
ಅರ್ಧದಲ್ಲಿ ನಿಂತಿತು.

ಹೋದ ಕಾರ್ತೀಕದಲ್ಲಿ ನಮ್ಮ ಕಟ್ಟಡದ ಸಭೆ.
ಮೆಟ್ಟಿಲ ಕೆಳಗಿನ ಗಡಿಯಾರದ ಪೆಟ್ಟಿಗೆ ಅಂಗಡಿ
ಇರಲೋ, ತೆಗೆಸಲೋ.
ತೆಗೆಸಿ: ಒಂಬತ್ತು. ಇರಲಿ: ಎಂಟು.
ತಟಸ್ಥ: ಒಂದು.
ಆ ಒಂದು ಕೈ ನನ್ನ ಮಡಿಲಲ್ಲಿತ್ತು,
ಸೀರೆಯ ನೆರಿಗೆ ಸರಿಮಾಡುತ್ತಿತ್ತು.

ತಟದಲ್ಲಿ ನಿಂತವರು ತಟಸ್ಥರು.
ಗೊರೂರಿನ ದಡದಲ್ಲಿ ನಿಂತರೆ ಕಾಲು ಒದ್ದೆಯಾಗುವುದಿಲ್ಲ,
ಹೇಮಾವತಿ ಯಾರನ್ನು ಒಯ್ದಳೆಂದು
ಚೆನ್ನಾಗಿ ಕಾಣುತ್ತದೆ.

ಇವೂ ಹಾಗೇ. ಆವೇಶವಿಲ್ಲ.
ಪಕ್ಕದಲ್ಲಿ ಯಾರಿದ್ದರೂ ಇಲ್ಲದಂತೆ ಇದ್ದುಬಿಡುತ್ತವೆ,
ಹಾಗೇ ಇದ್ದಷ್ಟು ಕಾಲ
ಲೆಕ್ಕಕ್ಕೆ ಬರುವುದಿಲ್ಲ.
ಒಂದನ್ನು ಎತ್ತಬೇಕು, ನೀಲಿ ಬೆಳಕು ಕೊಟ್ಟು, ಎತ್ತರಕ್ಕೆ;
ಸಾವಿರ ಪಟ್ಟು ಉಬ್ಬಬೇಕು ಅದು.
ಆಗ ಪಕ್ಕದ್ದು ಏಳಹೊರಟರೂ ಏಳಲಾರದು,
ಆಮೇಲೆ ಒಂದರ ಉತ್ತರ ಬಿಟ್ಟು ಇನ್ನೊಂದರ ಉತ್ತರವಿಲ್ಲ.
ಪ್ರತಿ ವರ್ಷ ಎಂಎಸ್ಸಿ ಮಕ್ಕಳಿಗೆ ನಾನೇ ಬರೆಸುತ್ತೇನೆ ಇದನ್ನು,
ಬೋರ್ಡಿಗೆ ಮುಖ ಮಾಡಿ.

ಹೊರಗೆ ಬಿತ್ತನೆ ಆಲೂಗಡ್ಡೆಯ ಲಾರಿಯೊಂದು ಹಂಪು ಹಾರಿತು.
ಮೇಜು ನಡುಗಿತು. ತೆರೆ ಕಪ್ಪು.
"ಹೋದ್ವಾ?"
ಹೋದವು. ಮತ್ತೆ ಮೊದಲಿಂದ ತುಂಬಬೇಕು.
"ದಿನಾ ಎಷ್ಟ್ ಸಲ?"
ಎಣಿಸಿಲ್ಲ, ಅಂದೆ.

ಸಭೆಯ ಪುಸ್ತಕ ಅವರು ಓದಿದ್ದಾರೆ, ಓದಿಲ್ಲ:
ಕೇಳುವತನಕ ಎರಡೂ ನಿಜ.
ಕೇಳಿದರೆ ಒಂದೇ ಉಳಿಯುತ್ತದೆ.
ಕೇಳಲಿಲ್ಲ.

ತಿರುಪಿಗೆ ನಲವತ್ತು ಅಂದರು.
ನೂರು ಕೊಟ್ಟೆ, ಇರಲಿ ಅಂದೆ.
ಅರವತ್ತನ್ನೂ ಎಣಿಸಿ ಅಂಗೈಗಿಟ್ಟರು.

ಗೇಟಿನಲ್ಲಿ, ಒಂದು ಕಾಲು ಆಟೋದೊಳಗಿಟ್ಟು,
ನನ್ನ ಮಣಿಕಟ್ಟು ನೋಡಿ ಅಂದರು:
"ಎರಡ್ ನಿಮಿಷ ಹಿಂದೈತೆ ಮೇಡಂ.
ತಂದ್ಕೊಡಿ."