ಕೋದೋ

ಮಧ್ಯಾಹ್ನ ಮೂರಕ್ಕೆ ಕರೆಂಟು ಬಂದರೆ
ಮಂಡ್ಯದ ಗುತ್ತಲು ರಸ್ತೆಯ ನಮ್ಮ ಮಿಲ್ಲಿನ ಮುಂದೆ
ಡಬ್ಬ, ಚೀಲ, ಸ್ಟೀಲಿನ ಬಕೆಟ್ಟು.
ಮನುಷ್ಯರು ನೆರಳಲ್ಲಿ; ಸಾಲಲ್ಲಿ ನಿಂತದ್ದು ಬರೀ ಪಾತ್ರೆಗಳು.

ಆ ಸಾಲಿನ ಕೊನೆಗೊಂದು ಹಳದಿ ತಲೆದಿಂಬಿನ ಚೀಲ.
ತಂದವಳು ಧನಸರಾ,
ಗೋಬಿ ಗಾಡಿಯ ಲಾಲ್‌ಬೀರನ ಹೆಂಡತಿ,
ರೋಲ್ಪಾ ಕಡೆಯವಳು. ಅದು ಯಾವ ದಿಕ್ಕು ಅಂದರೆ
ಕೈಯನ್ನು ಬಡಗಲಿಗೆ ಚಾಚಿ, ಆಮೇಲೆ ಮೇಲಕ್ಕೆ ಎತ್ತುತ್ತಾಳೆ.

ಚೀಲ ಬಿಚ್ಚಿದೆ. ರಾಗಿ.
"ಮೋಮೋ ತಿನ್ನೋರಿಗೆ ಇದ್ಯಾಕವ್ವ?" ಅಂದೆ.
ಅವಳು ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ
ಉಫ್ ಎಂದು ಹೊಟ್ಟು ಊದಿ
"ಕೋದೋ" ಎಂದಳು,
ಯಾರದೋ ಮನೆಯಲ್ಲಿ ಬೆಳೆದ ತನ್ನ ಮಗುವನ್ನು
ಹೆಸರು ಹಿಡಿದು ಕೂಗಿದ ಹಾಗೆ.

ನುಣ್ಣಗೆ ಬೇಡವಂತೆ. ಒಂದಿಷ್ಟು ತರಿ ಉಳಿಯಬೇಕಂತೆ.
ಜೊತೆಗೆ ಅರ್ಧ ಸೇರು ಮುಸುಕಿನ ಜೋಳ.
ನಾನು ಕಲ್ಲಿನ ತಿರುಪು ಸಡಿಲಿಸಿದೆ.

ನಮ್ಮತ್ತೆ ಸಣ್ಣತಾಯಮ್ಮ, ತೂಕದ ಮಿಷನ್ನಿನ ಪಕ್ಕ ಕುಂತು
ಬೀದಿಯವರನ್ನೆಲ್ಲ ತೂಗುವಾಕೆ, ಕೇಳಿದಳು:
"ಅದೇನು ಮಾಡ್ಕಂಡು ಉಣ್ತೀಯವ್ವ?"
ಧನಸರಾ ಕುಕ್ಕರಗಾಲಲ್ಲಿ ಕುಳಿತು ತೋರಿಸಿದಳು:
ಕುದಿಯುವ ನೀರು, ಹಿಟ್ಟು ಸುರಿಯುವ ಎಡಗೈ,
ತೊಳಸುವ ಬಲಗೈ, ಪಾತ್ರೆ ಅಲ್ಲಾಡದಂತೆ
ಪಾದದಿಂದ ಒತ್ತಿ ಹಿಡಿದ ಕೋಲು.
ಅಲ್ಲಿ ಪಾತ್ರೆ ಇರಲಿಲ್ಲ. ಅತ್ತೆಗೆ ಕಂಡಿತು.
"ಗಂಟಾಯ್ತದೆ, ಇನ್ನೂ ಬಿರ್ರನೆ ತೊಳಸು" ಎಂದಳು.

ಢಿಂಡೋ ಅಂತೆ ಅದರ ಹೆಸರು.
ಅಗಿಯೋ ಹಾಗಿಲ್ಲವಂತೆ, ನುಂಗಬೇಕಂತೆ.
(ಅತ್ತೆ ತೊಡೆ ತಟ್ಟಿಕೊಂಡಳು: "ನಮ್ದೂ ಅಂಗೇ ಕಣವ್ವ!")
ಗುಂದ್ರುಕ್ ಅಂತ, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರಂತೆ,
ನಡುವೆ ಗುಣಿ ಮಾಡಿ ತುಪ್ಪವಂತೆ, ಇದ್ದರೆ.
ಆದರೆ ಮುದ್ದೆ ಕಟ್ಟುವುದಿಲ್ಲವಂತೆ.
ಇಲ್ಲಿ ಮಾತು ನಿಂತಿತು.
"ಕಟ್ದೆ ಇರೋ ಹಿಟ್ಟೂ ಒಂದು ಹಿಟ್ಟಾ?"
ಒಂದು ವಾರ ನಮ್ಮ ಮನೆಯಲ್ಲಿ ಇದೇ ವ್ಯಾಜ್ಯ.

ಮುಂದಿನ ಸಲ ಚೀಲದ ಜೊತೆ ಟಿಫಿನ್ ಡಬ್ಬಿ ತಂದಳು.
ಸಾರಿನ ಹುಳಿ ವಾಸನೆಗೆ ಮೂಗು ಮುಚ್ಚಿದವಳು ನಾನು.
ಅತ್ತೆ ಕೈ ತೊಳೆದು, ಮುರಿದು, ಅದ್ದಿ, ನುಂಗಿದಳು.
ಗಂಟಲು ಒಮ್ಮೆ ಏರಿಳಿಯಿತು.
"ಉಪ್ಪು ಸಾಲ್ದು" ಅಂದಳು. ಮತ್ತೆ ಮುರಿದಳು.

ಆಗ ಧನಸರಾ ಹೇಳಿದ್ದು, ಹಿಂದಿ ಕನ್ನಡ ಕಲಸಿ:
ಅವಳೂರಿಗೆ ಅಕ್ಕಿ ಬರುವುದು ಬೆನ್ನ ಮೇಲೆ, ಎರಡು ದಿನದ ದಾರಿ.
ದಸೈಂ ಹಬ್ಬಕ್ಕೆ ಅನ್ನ, ನೆಂಟರಿಗೆ ಅನ್ನ.
ಎದುರಾದವರು ಕೇಳುವುದೂ "ಅನ್ನ ಉಂಡೆಯಾ?" ಅಂತಲೇ,
ಢಿಂಡೋ ಉಂಡವರೂ ಹ್ಞೂಂ ಅನ್ನುತ್ತಾರೆ.
ಅಂಗಳದಲ್ಲಿ ಗುರುತಿಲ್ಲದ ಮೆಟ್ಟಿನ ಸದ್ದಾದರೆ
ಅವಳಮ್ಮ ಆ ಪಾತ್ರೆಯನ್ನು
ಕೋಳಿ ಮುಚ್ಚುವ ಬುಟ್ಟಿಯಡಿ ತಳ್ಳುತ್ತಿದ್ದಳಂತೆ.
ಈಗ ಕಾಠ್ಮಂಡುವಿನ ಹೋಟೆಲಲ್ಲಿ ಕಂಚಿನ ತಟ್ಟೆಗಿಟ್ಟು ಮಾರುತ್ತಾರಂತೆ.
ಹೇಳುವಾಗ ಅವಳು ನಗಲಿಲ್ಲ.

ನಗುವವಳು ಅತ್ತೆ. ಅವಳೂ ನಗಲಿಲ್ಲ.
ತಕ್ಕಡಿ ಒರೆಸುತ್ತ, ನನ್ನ ಕಡೆ ನೋಡದೆ,
"ನನ್ನ ನೋಡಕ್ಕೆ ನಾಲೆ ಬಯಲಿನೋರು ಬಂದಾಗ" ಎಂದಳು,
"ನಮ್ಮವ್ವ ಮುದ್ದೆ ಮಂಕ್ರಿನ ಕೊಟ್ಟಿಗೇಲಿ ಮಡಗಿದ್ಲು.
ಸಾಲದ ಅಕ್ಕೀಲಿ ಅನ್ನ ಮಾಡಿ ಇಕ್ಕುದ್ಲು.
ಅವ್ರು ಒಪ್ಕಂಡು ಹೋದ್ರು.
ನೋಡುದ್ರೆ, ಹಸ ಮುದ್ದೆ ತಿಂದ್ಬುಟ್ಟಿತ್ತು.
ನಾವು ಉಪಾಸ ಮನೀಕಂಡೋ."
ಐವತ್ತೆರಡು ವರ್ಷ. ಮಾವನಿಗೂ ಹೇಳಿರಲಿಲ್ಲವಂತೆ.

ಮಿಲ್ಲಿನ ಕಲ್ಲುಗಳ ನಡುವೆ ಯಾವಾಗಲೂ
ಹಿಂದಿನವರ ಹಿಟ್ಟು ಒಂದು ಹಿಡಿ ಉಳಿಯುತ್ತದೆ,
ಮುಂದಿನವರ ಡಬ್ಬಕ್ಕೆ ಬೀಳುತ್ತದೆ.
ಅದಕ್ಕೇ ದಿನಾ ಜಗಳ: ಗೋಧಿ ಕಪ್ಪಾಯಿತು, ಅಕ್ಕಿಗೆ ಖಾರದ ಘಾಟು ಬಂತು.
ಆವತ್ತು ಧನಸರಾಳ ಹಿಂದೆ ಬೀಸಿದ್ದು ನಮ್ಮದೇ ಮನೆಯ ರಾಗಿ.

ರಾತ್ರಿ ತೊಳಸುವಾಗ ಕೋಲಿಗೆ ತರಿ ತಾಗಿತು,
ಅಲ್ಲೊಂದು ಇಲ್ಲೊಂದು, ಹಳದಿ.
ಅತ್ತೆಗೆ ಹೇಳಲಿಲ್ಲ. ಕಟ್ಟಿ ಬಡಿಸಿದೆ.
ನುಂಗಿ, ಒಂದು ಗಳಿಗೆ ತಡೆದು,
"ಇನ್ನರ್ಧ ಇಕ್ಕು" ಎಂದಳು.