ನಡುವ ಒಂದು ಫರ್ಸಿ

ಒಂದೇ ಇದ್ದಾಗ ಏನೂ ತಕರಾರು ಇರಲಿಲ್ಲ.
ಹಾಸ್ಟೆಲಿನ ಹಿಂದ, ನೀರಿನ ಟಾಕಿ ಬುಡಕ್ಕ,
ಸಾಯಬಣ್ಣ ಬಿಟ್ಟುಹೋದ ಆಮಿ.
ವಾಚ್‌ಮನ್ ಕೆಲಸ ಬಿಟ್ಟು ವಾಡಿಗೆ ಹೋಗುವಾಗ
'ಬಾಯಾರ, ಇದಕ್ಕೇನೂ ಬ್ಯಾಡ, ಒಂದೀಟು ನೆರಳು ಸಾಕು' ಅಂದಿದ್ದ.
ಬೆನ್ನ ಮ್ಯಾಲ ಹಳದಿ ಗೆರಿ, ನಕ್ಷತ್ರ ಬಿಡಿಸಿದಂಗ.
ಸಾಕಬಾರದು ಅಂತ ಕಾಯ್ದೆ ಅದ, ಗೊತ್ತದ ನನಗ.
ಫಾರೆಸ್ಟಿನವರಿಗೆ ಅರ್ಜಿ ಬರದಿಟ್ಟು ಎರಡು ವರ್ಷಾತು,
ಡ್ರಾವರಿನಾಗ ಅದ.

ಹುಡುಗ್ಯಾರು ಅಂದ್ರು: ಪಾಪ, ಒಂಟಿ.
ಒಂಟಿ ಅನ್ನೋ ಮಾತು ಅವರದು, ಆಮಿದಲ್ಲ.
ಅದು ಮುಂಜಾನಿ ಬಿಸಿಲಿಗೆ ಬರತಿತ್ತು, ಹತ್ತಕ್ಕ ನೆರಳಿಗೆ ಹೋಗತಿತ್ತು,
ನುಗ್ಗಿ ಎಲಿ, ಪಾಪಾಸುಕಳ್ಳಿ ತಿಂತಿತ್ತು,
ಮೇ ತಿಂಗಳದಾಗ ಮಣ್ಣೊಳಗ ಅರ್ಧ ಹುಗಕೊಂಡು
ನಲವತ್ಮೂರು ಡಿಗ್ರಿ ದಾಟಿ ಇಳಿಯೂತನ ಸುಮ್ಮನಿರತಿತ್ತು.
ಇಂಥ ಜೀವಕ್ಕ ಒಂಟಿ ಅನ್ನಬೇಕಂದ್ರ
ನಾವು ಎಷ್ಟು ಗದ್ದಲದಾಗ ಬೆಳದಿರಬೇಕು.

ದೀಪಾವಳಿ ಸೂಟಿ ಮುಗಿಸಿ ಚಿಂಚೋಳಿ ಕಡಿಂದ ಬರುವಾಗ
ಸುಗಲಾಬಾಯಿ ರೊಟ್ಟಿ ಬುಟ್ಟಿಯೊಳಗ ಇನ್ನೊಂದು ತಂದಳು.
ರಸ್ತಾ ದಾಟತಿತ್ತಂತ. ಲಾರಿ ಬರತಿತ್ತಂತ.
ಜೋಡಿ ಆತು ಅಂತ ಮೆಸ್ಸಿನ ತುಂಬ ಚಪ್ಪಾಳಿ.
ನಾನೂ ನಕ್ಕೆ,
ಎರಡು ಮಂಚದ ಖೋಲಿಗೆ ಎರಡನೇ ಹೆಸರು ಬರದಂಗ.

ಮೊದಲ ವಾರ ಬಗಲಿಗೆ ಬಗಲು ಹಚ್ಚಿ ಕುಂತವು.
ಫೋಟೋ ತೆಗದ್ರು. ಪ್ರೀತಿ ಅಂದ್ರು.
ಕಲಬುರಗಿಯಾಗ ಬಿಸಿಲಿಗೇನು ಬರ?
ಆದ್ರ ಡಿಸೆಂಬರಿನ ಮುಂಜಾನಿ, ಟಾಕಿ ನೆರಳಿನಾಚಿ
ಅದು ಬೀಳೋದು ಒಂದೇ ಮೊಳ.
ಆ ಮೊಳ ಎರಡಕ್ಕೂ ಬೇಕು.
ಹೊಸದು ದೊಡ್ಡದು. ಹಳೇದರ ಬೆನ್ನ ಮ್ಯಾಲ ಮುಂಗಾಲಿಟ್ಟು
ಅಷ್ಟೂ ತಾನೇ ಕಾಯಿಸಿಕೋತಿತ್ತು.
ಕಚ್ಚಲಿಲ್ಲ. ರಕ್ತ ಇಲ್ಲ.
ಒಮ್ಮೊಮ್ಮೆ ಸಂಜಿಮುಂದ ಟಕ್, ಟಕ್,
ಯಾರೋ ಬೋಗಾಣಿ ಗ್ವಾಡಿಗೆ ಬಡದಂಗ.

ಹಳೇದು ತಿನ್ನೋದು ಬಿಡ್ತು.
ಎರಡು ತಾಟು ಇಟ್ಟೆ, ದೊಡ್ಡದು ಎರಡರ ನಡುವ ನಿಂತಿತು.
ಮೆಸ್ಸಿನ ಬ್ಯಾಳಿ ತೂಗೋ ತಕ್ಕಡಿಯಾಗ ತೂಗಿ ನೋಡಿದೆ:
ನೂರಾ ಹತ್ತು ಗ್ರಾಂ ಕಡಿಮಿ.
ನಡುವ ಜಾಳಗಿ ತಂತಿ ಕಟ್ಟಿಸಿದೆ. ಇನ್ನೂ ಕೆಟ್ಟಾತು.
ತಂತಿಯಾಗಿಂದ ಕಾಣತದಲ್ಲ!
ದೊಡ್ಡದು ದಿನವೆಲ್ಲ ಅದರಗುಂಟ ಹೋಗಿ ಬಂದು, ಹೋಗಿ ಬಂದು
ನೆಲದಾಗ ಹಾದಿ ಬಿತ್ತು.
ಸಣ್ಣದು ತಲಿ ಹೊರಗ ಹಾಕಲಿಲ್ಲ.

ಕಡೀಕ ಶಹಾಬಾದಿನಿಂದ ಫರ್ಸಿ ತರಿಸಿದೆ,
ಉದ್ದನ್ನವು, ಮಳಿ ಮೊದಲಿನ ಮುಗಿಲಿನ ಬಣ್ಣ.
ಅಡ್ಡ ಹುಗಿಸಿದೆ.
ಮ್ಯಾಲಿನ ತಗಡು ಅರ್ಧ ಕೀಳಿಸಿದೆ, ಆ ಕಡಿಗೂ ಒಂದು ಮೊಳ ಬೀಳಲಿ ಅಂತ.
ಐದನೇ ದಿನ ಸಣ್ಣದು ಒಂದು ದಾಸವಾಳ ತಿಂತು.

ಅವತ್ತೇ ರಾತ್ರಿ ಹನ್ನೊಂದನೇ ನಂಬರಿನ ಮಹಾನಂದಾ
ಆಫೀಸಿನ ಬಾಗಿಲಿಗೆ ಬಂದು ನಿಂತಳು, ನಾಕನೇ ಸಲ.
ಜಗಳಾಡ್ತಾಳೇನು? ಇಲ್ರಿ.
ಬೈತಾಳೇನು? ಇಲ್ರಿ, ಛಲೋ ಹುಡುಗಿ.
ಮತ್ತ?
ಮೊದಲ ಮೂರು ಸಲ ನಾನು ಫೈಲಿನಿಂದ ತಲಿ ಎತ್ತದ
'ಹೊಂದಿಕೊಂಡು ಹೋಗಬೇಕವಾ' ಅಂದಿದ್ದೆ.
'ಕಿಟಕಿ ಆಕಿ ಕಡಿ ಅದರಿ,' ಅಂದಳು. 'ಅಷ್ಟೇ.'
ತಕ್ಕಡಿ ಬೇಕಾಗಲಿಲ್ಲ.
ಆಕಿ ವಾಚಿನ ಪಟ್ಟಿ ಕಡೀ ತೂತಿಗೆ ಬಂದಿತ್ತು.

ಹರದ ಗಾದಿ ತುಂಬಿದ ಖೋಲಿಯ ಬೀಗ ತೆಗಿಸಿದೆ.
ಗ್ವಾಡಿ ಉಪ್ಪು ಹಿಡದದ, ಫ್ಯಾನು ಕರಕರ ಅಂತದ,
ಮೂಡಲಕ್ಕ ಅಂಗೈಯಗಲ ಕಿಟಕಿ.
ಖೋಲಿ ಬದಲಿಯ ಫಾರ್ಮಿನಾಗ 'ಕಾರಣ' ಅಂತ ಒಂದು ಗೆರಿ.
ಬಿಸಿಲು ಅಂತ ಬರದು, ಹೊಡದು ಹಾಕಿದೆ.
ಜಾಗ ಅಂತ ಬರದು, ಅದನ್ನೂ.

ಆಮ್ಯಾಲ ಡ್ರಾವರಿನಿಂದ ಆ ಹಳೇ ಅರ್ಜಿ ತೆಗದು
ಒಂದು ಅಂತ ಇದ್ದದ್ದು ಎರಡು ಅಂತ ತಿದ್ದಿ,
ಸಹಿ ಕೆಳಗ ಒಂದು ಸಾಲು ಕೂಡಿಸಿದೆ:
ಬರುವಾಗ ಡಬ್ಬಿನೂ ಎರಡು ತರಬೇಕು.